ವರ್ಣತಂತುಗಳ ಲೆಕ್ಕವಿಟ್ಟ ವಿದುಷಿ: ಡಾ. ಇ. ಕೆ. ಜಾನಕಿ ಅಮ್ಮಾಳ್

ಪಡುಗಡಲಿನ ತೀರದಲ್ಲಿ ಜನಿಸಿ, ಸಸ್ಯಕುಲದ ಒಳಗುಟ್ಟನ್ನು ಅರಸುತ್ತ ಮೂರು ಖಂಡಗಳಲ್ಲಿ ದುಡಿದು, ಇಳಿವಯಸ್ಸಿನಲ್ಲಿ ತಾಯ್ನಾಡಿನ ಕಾಡುಗಳ ಉಳಿವಿಗಾಗಿ ದನಿಯೆತ್ತಿದ ಡಾ. ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರು ಭಾರತದ ವಿಜ್ಞಾನ ಚರಿತ್ರೆಯಲ್ಲಿ ಗೌರವದಿಂದ ಸ್ಮರಿಸತಕ್ಕದ್ದು. ಹೆತ್ತವರ ಗುಣಗಳು ಮಕ್ಕಳಿಗೆ ಹೇಗೆ ಬರುತ್ತವೆ, ಬೀಜದ ಗುಣ ಬೆಳೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಆ ಪರಂಪರೆ ಏಕೆ ದಾರಿ ಬದಲಿಸುತ್ತದೆ ಎಂಬ ಪ್ರಶ್ನೆಗಳು ಬೇಸಾಯದಷ್ಟೇ ಪುರಾತನವಾದವು. ಅವುಗಳ ಉತ್ತರವನ್ನು ಜೀವಕೋಶದ ಗರ್ಭದಲ್ಲಿರುವ ವರ್ಣತಂತುಗಳ ಸಂಖ್ಯೆಯಲ್ಲಿಯೂ ರಚನೆಯಲ್ಲಿಯೂ ಹುಡುಕಿದ ವಿದ್ವಾಂಸರ ಮೊದಲ ಸಾಲಿನಲ್ಲಿ ನಿಂತವರು ಅವರು.

ಉಡುಪಿ, ಕಾಪು, ಕಾರ್ಕಳಗಳ ಜನರಿಗೆ ಅವರು ಅನ್ಯರಲ್ಲ. ಅವರ ಹುಟ್ಟೂರಾದ ತಲಚೇರಿಯೂ ದಕ್ಷಿಣ ಕನ್ನಡದ ಈ ಊರುಗಳೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಒಂದೇ ಆಡಳಿತಕ್ಕೆ ಒಳಪಟ್ಟಿದ್ದವು. ಕಡಲು ಒಂದೇ, ಮಳೆ ಒಂದೇ, ಹಿತ್ತಿಲಿನ ಬಾಳೆ, ಬದನೆ, ತೆಂಗು, ಕಂಗುಗಳೂ ಒಂದೇ. ಅವರು ಸೂಕ್ಷ್ಮದರ್ಶಕದ ಕೆಳಗೆ ಕಂಡ ಸತ್ಯಗಳಿಗೆ ಈ ಕರಾವಳಿಯ ತೋಟಗಳಲ್ಲಿಯೂ ನಿದರ್ಶನಗಳಿವೆ.

ಮನೆತನ ಮತ್ತು ಬಾಲ್ಯ

ಜಾನಕಿ ಅಮ್ಮಾಳ್ ಜನಿಸಿದ್ದು 1897ನೆಯ ಇಸವಿ ನವೆಂಬರ್ 4ರಂದು. ತಂದೆ ದಿವಾನ್ ಬಹಾದ್ದೂರ್ ಇ. ಕೆ. ಕೃಷ್ಣನ್ ಅವರು ಮದರಾಸು ಪ್ರಾಂತ್ಯದಲ್ಲಿ ಸಬ್ ಜಡ್ಜ್ ಆಗಿದ್ದವರು. ನ್ಯಾಯಾಲಯದ ಕೆಲಸದ ನಡುವೆಯೂ ಪ್ರಕೃತಿ ವೀಕ್ಷಣೆಯಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಉತ್ತರ ಮಲಬಾರಿನ ಪಕ್ಷಿಗಳನ್ನು ಕುರಿತು ಅವರು ಗ್ರಂಥರಚನೆ ಮಾಡಿದ್ದರು. ತಾಯಿ ದೇವಿ ಕುರುವಾಯಿ, ತಿರುವಾಂಕೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಜಾನ್ ಚೈಲ್ಡ್ ಹ್ಯಾನಿಂಗ್ಟನ್ ಅವರ ಮಗಳು. ಮಕ್ಕಳು ತುಂಬಿದ ದೊಡ್ಡ ಸಂಸಾರ. ಗಿಡಮರಗಳೊಡನೆ ಬಾಲೆಗೆ ಒಡನಾಟ ಬೆಳೆದುದು ಈ ಮನೆಯ ಆವರಣದಲ್ಲಿಯೇ.

ಕುಟುಂಬ ತೀಯ ಸಮುದಾಯಕ್ಕೆ ಸೇರಿದ್ದು. ಮನೆಯಲ್ಲಿ ವಿದ್ಯೆಗೆ ಮನ್ನಣೆಯಿದ್ದರೂ ಹೊರಗಿನ ಸಮಾಜ ಆ ಸಮುದಾಯವನ್ನು ಕೆಳಗಿಟ್ಟೇ ನೋಡುತ್ತಿದ್ದ ಕಾಲವದು. ಹೆಣ್ಣುಮಕ್ಕಳಿಗೆ ತಕ್ಕ ವಯಸ್ಸು ಬಂದೊಡನೆ ವಿವಾಹ ಮಾಡಿಕೊಡುವುದು ವಾಡಿಕೆಯಾಗಿತ್ತು. ಸೋದರಿಯರು ಒಬ್ಬೊಬ್ಬರಾಗಿ ಗೃಹಸ್ಥಾಶ್ರಮಕ್ಕೆ ಕಾಲಿಟ್ಟರು. ಜಾನಕಿ ಮಾತ್ರ ವಿದ್ಯೆಯ ದಾರಿಯನ್ನು ಆರಿಸಿಕೊಂಡು ಕೊನೆಯವರೆಗೂ ಅವಿವಾಹಿತೆಯಾಗಿಯೇ ಉಳಿದರು.

ವಿದ್ಯಾಭ್ಯಾಸ

ತಲಚೇರಿಯ ಸೇಕ್ರೆಡ್ ಹಾರ್ಟ್ ಕಾನ್ವೆಂಟಿನಲ್ಲಿ ಶಾಲಾ ಶಿಕ್ಷಣ ಮುಗಿಸಿ ಅವರು ಮದರಾಸಿಗೆ ತೆರಳಿದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಪದವಿ ಪಡೆದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1921ರಲ್ಲಿ ಸಸ್ಯಶಾಸ್ತ್ರದ ಆನರ್ಸ್ ಪದವಿಯನ್ನು ಗಳಿಸಿದರು. ಬಳಿಕ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಿಕೆಯಾದರು. ಆಗ ಅವರಿಗೆ ಒದಗಿ ಬಂದುದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಬಾರ್ಬರ್ ವಿದ್ಯಾರ್ಥಿವೇತನ. ಪೌರ್ವಾತ್ಯ ದೇಶಗಳ ಮಹಿಳೆಯರ ಉನ್ನತ ವ್ಯಾಸಂಗಕ್ಕೆಂದೇ ಮೀಸಲಾಗಿದ್ದ ವೇತನವದು. ಸ್ನಾತಕೋತ್ತರ ಪದವಿ ಪಡೆದು ತಾಯ್ನಾಡಿಗೆ ಮರಳಿ ಅಧ್ಯಾಪನ ನಡೆಸಿದ ಅವರು ಮತ್ತೊಮ್ಮೆ ಮಿಷಿಗನ್‌ಗೆ ಹೋಗಿ 1931ರಲ್ಲಿ ಡಿ.ಎಸ್‌ಸಿ. ಪದವಿಯೊಡನೆ ಹಿಂದಿರುಗಿದರು. ಅಮೆರಿಕದಲ್ಲಿ ಸಸ್ಯವಿಜ್ಞಾನದ ಪರಮೋಚ್ಚ ಪದವಿ ಪಡೆದ ಭಾರತೀಯ ಮಹಿಳೆಯರಲ್ಲಿ ಅವರು ಮೊದಲಿಗರ ಸಾಲಿನವರು.

1932ರಿಂದ 1934ರವರೆಗೆ ತಿರುವನಂತಪುರದ ಮಹಾರಾಜಾ ವಿಜ್ಞಾನ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದರು. ಪಾಠಪ್ರವಚನಗಳ ಜೊತೆಗೆ ಸೂಕ್ಷ್ಮದರ್ಶಕದ ಕೆಲಸವೂ ನಿಲ್ಲದೆ ಸಾಗಿತು.

ವರ್ಣತಂತುಗಳ ಸ್ವರೂಪ

ಜಾನಕಿ ಅಮ್ಮಾಳ್ ಅವರ ಸಾಧನೆಯನ್ನು ಅರಿಯಬೇಕಾದರೆ ಅವರು ಆರಿಸಿಕೊಂಡ ವಿದ್ಯೆಯ ಪರಿಚಯ ಅಗತ್ಯ. ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಎಳೆಗಳಂತಿರುವ ಸೂಕ್ಷ್ಮ ರಚನೆಗಳಿವೆ. ಬಣ್ಣವನ್ನು ಬೇಗ ಹೀರಿಕೊಳ್ಳುವುದರಿಂದ ಅವುಗಳಿಗೆ ಕ್ರೋಮೊಸೋಮ್, ಎಂದರೆ ವರ್ಣತಂತು, ಎಂಬ ಹೆಸರು ಬಂದಿದೆ. ಮೆಂಡೆಲನು ಬಟಾಣಿ ಗಿಡಗಳಲ್ಲಿ ಕಂಡ ಅನುವಂಶೀಯತೆಯ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಅದಾದ ಎರಡು ಮೂರು ವರ್ಷಗಳಲ್ಲಿಯೇ ಸಟನ್ ಮತ್ತು ಬೊವೆರಿ ಎಂಬ ವಿಜ್ಞಾನಿಗಳು ಆ ನಿಯಮಗಳಿಗೆ ಆಧಾರವಾದ ವಸ್ತು ವರ್ಣತಂತುಗಳಲ್ಲಿಯೇ ಇದೆಯೆಂದು ತರ್ಕಬದ್ಧವಾಗಿ ತೋರಿಸಿದರು.

ವರ್ಣತಂತುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರುತ್ತವೆ. ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಪರಾಗವೂ ಅಂಡವೂ ರೂಪುಗೊಳ್ಳುವಾಗ ಜೋಡಿಗಳು ಒಂದನ್ನೊಂದು ಗುರುತಿಸಿ ಕೂಡಿ, ಮತ್ತೆ ಬೇರೆಯಾಗಿ, ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಎರಡು ಅರ್ಧಗಳು ಸೇರಿ ಬೀಜವಾದಾಗ ಮೊದಲಿನ ಸಂಖ್ಯೆ ಮರಳಿ ಬರುತ್ತದೆ. ಭತ್ತಕ್ಕೆ 24, ಬದನೆಗೆ 24, ತೆಂಗಿಗೆ 32, ಅಡಿಕೆಗೆ 32, ಮನುಷ್ಯನಿಗೆ 46. ಭತ್ತಕ್ಕೂ ಬದನೆಗೂ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಅವೆರಡೂ ದಾಯಾದಿಗಳಾಗುವುದಿಲ್ಲ. ಎಣಿಕೆಯಷ್ಟೇ ಮುಖ್ಯವಾದುದು ಆ ತಂತುಗಳಲ್ಲಿ ಅಡಗಿರುವ ವಿಷಯ ಮತ್ತು ಅದರ ಜೋಡಣೆ.

ತಾಳೆಗರಿಯ ಗ್ರಂಥವೊಂದನ್ನು ಹಲವರು ಪ್ರತಿ ಮಾಡುವಾಗ ಒಂದು ಗರಿ ಕಳೆದುಹೋಗಬಹುದು, ಒಂದು ಗರಿ ಎರಡು ಸಲ ಸೇರಬಹುದು, ಕೆಲವು ಗರಿಗಳು ತಿರುವುಮುರುವಾಗಿ ಪೋಣಿಸಲ್ಪಡಬಹುದು, ಒಂದು ಕಟ್ಟಿನ ಗರಿಗಳು ಇನ್ನೊಂದು ಕಟ್ಟಿಗೆ ಸೇರಿಹೋಗಬಹುದು. ವರ್ಣತಂತುಗಳ ರಚನೆಯಲ್ಲಿ ಆಗುವ ವ್ಯತ್ಯಾಸಗಳೂ ಈ ನಾಲ್ಕು ಬಗೆಯವೇ: ಲೋಪ, ದ್ವಿರಾವೃತ್ತಿ, ವಿಪರ್ಯಯ ಮತ್ತು ಸ್ಥಾನಾಂತರ. ಇನ್ನು ಸಂಖ್ಯೆಯ ವ್ಯತ್ಯಾಸ ಎರಡು ವಿಧ. ಒಂದು ತಂತು ಹೆಚ್ಚಾಗುವುದು ಅಥವಾ ಕಡಿಮೆಯಾಗುವುದು ಮೊದಲನೆಯದು. ಇಡೀ ತಂತುಸಮೂಹವೇ ಮೂರು ಪಟ್ಟು, ನಾಲ್ಕು ಪಟ್ಟು ಆಗುವುದು ಎರಡನೆಯದು, ಇದನ್ನು ಬಹುಗುಣಿತತ್ವವೆನ್ನುತ್ತಾರೆ. ಮೂರು ಪಟ್ಟಾದಾಗ ಪ್ರತಿ ಗುಂಪಿನಲ್ಲಿಯೂ ಒಂದು ತಂತು ಜೊತೆಯಿಲ್ಲದೆ ಉಳಿಯುವುದರಿಂದ ಸಮಭಾಗ ಸಾಧ್ಯವಾಗದೆ ಸಸ್ಯ ಸಾಮಾನ್ಯವಾಗಿ ಬೀಜಹೀನವಾಗುತ್ತದೆ. ನಾಲ್ಕು ಪಟ್ಟಾದಾಗ ಜೋಡಿಗಳು ಮತ್ತೆ ಏರ್ಪಡಬಹುದು. ಬೇರೆ ಬೇರೆ ಜಾತಿಗಳ ಬೀಜಹೀನ ಸಂಕರಕ್ಕೂ ಆಗ ಸಂತಾನಶಕ್ತಿ ಒದಗಬಹುದು.

ನಿಕಾಂಡ್ರ ಮತ್ತು ಬದನೆ

ಮಿಷಿಗನ್‌ನಲ್ಲಿ ಜಾನಕಿ ಅಮ್ಮಾಳ್ ತಮ್ಮ ಪ್ರಬಂಧಕ್ಕೆ ಆರಿಸಿಕೊಂಡುದು ಬದನೆಯ ಕುಟುಂಬಕ್ಕೆ ಸೇರಿದ ನಿಕಾಂಡ್ರ ಎಂಬ ಸಾಮಾನ್ಯ ಸಸ್ಯವನ್ನು. ಮೊಗ್ಗಿನ ಪರಾಗಕೋಶವನ್ನೂ ಬೇರಿನ ತುದಿಯನ್ನೂ ಸಂಸ್ಕರಿಸಿ, ಬಣ್ಣ ಹಾಕಿ, ಗಾಜಿನ ಫಲಕದ ಮೇಲಿಟ್ಟು, ಗಂಟೆಗಟ್ಟಲೆ ಎಣಿಸಿ ಚಿತ್ರ ಬಿಡಿಸಬೇಕಾದ ಕೆಲಸವದು. ಕಣ್ಣಿಗೂ ಕೈಗೂ ಅದು ಕಠಿಣ ಪರೀಕ್ಷೆ. ಈ ಗಿಡದ ನಂಟನ್ನು ಅವರು ಬಿಡಲಿಲ್ಲ. ಮುಂದೆ 1945ರಲ್ಲಿ, ಇಂಗ್ಲೆಂಡಿನ ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ಅದೇ ಗಿಡದ ಬಗ್ಗೆ ಅವರು ಪ್ರಕಟಿಸಿದ ಲೇಖನ ವರ್ಣತಂತುಗಳ ರಚನೆ, ಸಂಖ್ಯೆಗಳೆರಡರ ಮಹತ್ವವನ್ನೂ ಒಟ್ಟಿಗೇ ಪ್ರಕಾಶಪಡಿಸಿತು.

ನಿಕಾಂಡ್ರದಲ್ಲಿ ಸಾಮಾನ್ಯವಾಗಿ 20 ವರ್ಣತಂತುಗಳು. ಅವುಗಳಲ್ಲಿ 18 ದೊಡ್ಡವು, 2 ಚಿಕ್ಕವು. ಆ ಚಿಕ್ಕ ತಂತುಗಳ ವೈಶಿಷ್ಟ್ಯವೆಂದರೆ ಅವುಗಳ ಎರಡು ಬಾಹುಗಳೂ ಒಂದೇ ತೆರನಾಗಿರುವುದು; ಕನ್ನಡಿಯ ಮುಂದೆ ಇಟ್ಟ ಅರ್ಧದಂತೆ ಒಂದು ಬಾಹು ಇನ್ನೊಂದರ ಪ್ರತಿರೂಪ. ಕೋಶವಿಭಜನೆಯ ವೇಳೆ ಇಂಥ ತಂತುವೊಂದು ಕೆಲವೊಮ್ಮೆ ತಪ್ಪಿಹೋಗುತ್ತದೆ. ಆಗ ಹುಟ್ಟುವ ಬೀಜದಲ್ಲಿ 20ರ ಬದಲು 19 ತಂತುಗಳಿರುತ್ತವೆ. ಅಂಥ ಬೀಜ ನಾಶವಾಗುವುದಿಲ್ಲ, ತಡವಾಗಿ ಮೊಳೆಯುತ್ತದೆ. ಒಂದೇ ಗಿಡದ ಬೀಜಗಳಲ್ಲಿ ಹೆಚ್ಚಿನವು ಮಣ್ಣಿಗೆ ಬಿದ್ದೊಡನೆ ಮೊಳೆತರೆ, ಕೆಲವು ಕಾದು ಕುಳಿತು ಮುಂದೆ ಮೊಳೆಯುತ್ತವೆ. ಮೊದಲ ಮೊಳಕೆಗಳು ಬಿಸಿಲಿಗೋ ಹುಳಕ್ಕೋ ತುತ್ತಾದರೂ ಸಸ್ಯದ ವಂಶ ಅಳಿಯುವುದಿಲ್ಲ. ಮೊದಲ ಮಳೆಗೇ ಭತ್ತವನ್ನೆಲ್ಲ ಬಿತ್ತದೆ ಒಂದಷ್ಟನ್ನು ಮುಡಿ ಕಟ್ಟಿ ಉಳಿಸುವ ಕರಾವಳಿಯ ರೈತನ ವಿವೇಕವೇ ಈ ಗಿಡಕ್ಕೂ ಲಭಿಸಿದಂತಿದೆ. ಒಂದು ತಂತು ಕಡಿಮೆಯಾಗುವುದು ಊನವೆಂದೇ ತೋರಬಹುದು. ಇಲ್ಲಿ ಅದೇ ರಕ್ಷಣೆಯ ಉಪಾಯವಾಗಿದೆ.

ಬದನೆಯಲ್ಲಿ ಬಹುಗುಣಿತತ್ವವನ್ನು ಕುರಿತ ಅವರ ಲೇಖನ 1934ರಲ್ಲಿ ಹೊರಬಂದಿತು. ಉಡುಪಿಯ ಪರಿಸರದವರಿಗೆ ಬದನೆಯೆಂದೊಡನೆ ನೆನಪಾಗುವುದು ಉಡುಪಿಗೂ ಕಾಪುವಿಗೂ ನಡುವೆ ಇರುವ ಮಟ್ಟು ಗ್ರಾಮದ ಗುಳ್ಳ. ಶ್ರೀ ವಾದಿರಾಜರ ಅನುಗ್ರಹದಿಂದ ಈ ತಳಿ ಬಂದಿತೆಂಬುದು ಜನರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಲಭಿಸಿತು. ಜಾನಕಿ ಅಮ್ಮಾಳ್ ಅವರ ಪ್ರಯೋಗ ಮಟ್ಟುವಿನ ಗುಳ್ಳದ ಮೇಲೆ ನಡೆದುದಲ್ಲ. ಆದರೆ ಆ ಗುಳ್ಳದ ರುಚಿ ಬಣ್ಣಗಳು ತಲೆಮಾರುಗಳಿಂದ ಕೆಡದೆ ಬಂದಿರುವುದರ ಮರ್ಮ ಅವರು ಎಣಿಸಿದ ಆ ತಂತುಗಳಲ್ಲಿಯೇ ಇದೆ. ಬೀಜಕ್ಕೆಂದು ಒಳ್ಳೆಯ ಕಾಯಿಯನ್ನು ಆರಿಸಿ ಉಳಿಸುವ ಮಟ್ಟುವಿನ ಕೃಷಿಕರು ಹೆಸರು ಹೇಳದೆಯೇ ತಳಿವಿಜ್ಞಾನವನ್ನು ಆಚರಿಸಿಕೊಂಡು ಬಂದವರು.

ಕಬ್ಬಿನ ಲೆಕ್ಕ

1934ರಲ್ಲಿ ಜಾನಕಿ ಅಮ್ಮಾಳ್ ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನ ಕೇಂದ್ರಕ್ಕೆ ತಳಿವಿಜ್ಞಾನಿಯಾಗಿ ಬಂದರು. 1912ರಲ್ಲಿ ಸ್ಥಾಪಿತವಾದ ಆ ಕೇಂದ್ರದಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಸಿಹಿ ಕಬ್ಬನ್ನು ಕಾಡು ಕಬ್ಬಿನೊಡನೆ ಬೆರೆಸಿ 1918ರಲ್ಲಿ ಕೋ 205 ಎಂಬ ತಳಿಯನ್ನು ಹೊರತಂದಿದ್ದರು. ಸಂಸ್ಕೃತ ಕವಿಗಳು ಶರತ್ಕಾಲದ ವರ್ಣನೆಯಲ್ಲಿ ಮರೆಯದ ಕಾಶವೇ ಈ ಕಾಡು ಕಬ್ಬು. ಅದರಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ರೋಗ, ಬರ, ಚಳಿಗಳನ್ನು ತಾಳುವ ಕಸುವು ಅಪಾರ.

ಈ ಸಂಕರದಲ್ಲಿ ಒಂದು ವಿಚಿತ್ರವಿದೆ. ಸಿಹಿ ಕಬ್ಬಿನಲ್ಲಿ 80 ವರ್ಣತಂತುಗಳು; ಕೊಯಮತ್ತೂರಿನ ಕಾಡು ಕಬ್ಬಿನಲ್ಲಿ 64. ನಿಯಮದಂತೆ ಎರಡರ ಅರ್ಧಗಳು ಸೇರಿದರೆ 72 ಆಗಬೇಕು. ಆದರೆ ಕೋ 205ರಲ್ಲಿ ಇರುವುದು 112. ತಾಯಿಯಾದ ಸಿಹಿ ಕಬ್ಬು ತನ್ನ 80ನ್ನೂ ಇಡಿಯಾಗಿ ದಾಟಿಸಿ, ತಂದೆಯಾದ ಕಾಡು ಕಬ್ಬು ತನ್ನ ಅರ್ಧವಾದ 32ನ್ನು ಮಾತ್ರ ಕೊಡುತ್ತದೆ. ಆದುದರಿಂದಲೇ ಮಗುವಿನಲ್ಲಿ ತಾಯಿಯ ಸಿಹಿ ಪ್ರಧಾನವಾಗಿ ಉಳಿದು, ತಂದೆಯ ಕಸುವು ಬೆರೆಯುತ್ತದೆ. ಕಬ್ಬಿನ ಈ ವಿಶೇಷವನ್ನು ಜಾವಾದಲ್ಲಿ ಬ್ರೆಮರ್ ಎಂಬ ವಿಜ್ಞಾನಿ ಮೊದಲೇ ಕಂಡಿದ್ದರು. ಸಂಖ್ಯೆಯ ವ್ಯತ್ಯಾಸ ಅನುವಂಶೀಯತೆಯ ತಕ್ಕಡಿಯನ್ನೇ ಒಂದು ಕಡೆಗೆ ಬಾಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಜಾನಕಿ ಅಮ್ಮಾಳ್ ಅವರು ಭಾರತದ ವಿವಿಧ ಪ್ರದೇಶಗಳ ಕಾಡು ಕಬ್ಬನ್ನು ತರಿಸಿ ಎಣಿಸಿದರು. ಊರಿಂದೂರಿಗೆ ಅದರ ವರ್ಣತಂತುಗಳ ಸಂಖ್ಯೆ ಬೇರೆಯಾಗಿರುವುದನ್ನು ಅವರ 1936ರ ಅಧ್ಯಯನ ದಾಖಲಿಸಿತು. ಈ ಸಂಖ್ಯೆ 40ರಿಂದ 128ರವರೆಗೆ ಹರಡಿಕೊಂಡಿದೆಯೆಂದು ಇಂದು ತಿಳಿದಿದೆ. ಒಂದೇ ಹೆಸರಿನ ಹುಲ್ಲಿನೊಳಗೆ ಇಷ್ಟು ವೈವಿಧ್ಯವಿರುವಾಗ ಯಾವ ಊರಿನ ಕಾಡು ಕಬ್ಬನ್ನು ಸಂಕರಕ್ಕೆ ಆರಿಸಬೇಕೆಂಬುದು ತಳಿ ಬೆಳೆಸುವವರಿಗೆ ನಿರ್ಣಾಯಕ ಪ್ರಶ್ನೆಯಾಗುತ್ತದೆ. ಕಬ್ಬಿಗೆ ಮುಸುಕಿನ ಜೋಳದ ಪರಾಗ ಸೇರಿಸಿ ಸಸಿ ಪಡೆದ ಅವರ ಪ್ರಯೋಗದ ವರದಿ 1938ರಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಸಿ ಹೊಲಕ್ಕೆ ಇಳಿಯಲಿಲ್ಲ. ಆದರೆ ಕುಲ ಬೇರೆಯಾದ ಸಸ್ಯಗಳ ನಡುವಿನ ಗಡಿ ಎಲ್ಲಿದೆ, ಅದನ್ನು ದಾಟುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ತಿಳಿಸಿತು. 1935ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಯುದ್ಧಕಾಲದ ಇಂಗ್ಲೆಂಡ್

1939ರ ಆಗಸ್ಟ್ ತಿಂಗಳಲ್ಲಿ ಎಡಿನ್‌ಬರೋ ನಗರದಲ್ಲಿ ಏಳನೆಯ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನ ಸೇರಿತು. ಜಾನಕಿ ಅಮ್ಮಾಳ್ ಅದರಲ್ಲಿ ಪಾಲುಗೊಂಡಿದ್ದಾಗಲೇ ಯುದ್ಧದ ಕಾರ್ಮೋಡ ಕವಿಯಿತು. ಅವರು ಇಂಗ್ಲೆಂಡಿನಲ್ಲಿಯೇ ಉಳಿದರು. 1940ರಿಂದ 1945ರವರೆಗೆ ಲಂಡನ್ನಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಲ್ಲಿ ಸಹಾಯಕ ಕೋಶವಿಜ್ಞಾನಿಯಾಗಿ ದುಡಿದರು. ರಾತ್ರಿ ಬಾಂಬುಗಳು ಬೀಳುವಾಗ ಮಂಚದ ಕೆಳಗೆ ಅಡಗಿದ್ದು, ಬೆಳಗಾದೊಡನೆ ಕಪಾಟುಗಳ ಒಡೆದ ಗಾಜನ್ನು ಗುಡಿಸಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದರೆಂದು ಅವರ ಮನೆಯವರು ಸ್ಮರಿಸಿಕೊಂಡಿದ್ದಾರೆ.

ಆ ತಪಸ್ಸಿನ ಫಲವೇ ಡಾರ್ಲಿಂಗ್ಟನ್ ಅವರೊಡನೆ ರಚಿಸಿ 1945ರಲ್ಲಿ ಹೊರತಂದ, ಕೃಷಿಸಸ್ಯಗಳ ವರ್ಣತಂತುಗಳ ಮಹಾಕೋಶ. ಮನುಷ್ಯನು ಆಹಾರಕ್ಕಾಗಿ, ನಾರಿಗಾಗಿ, ಔಷಧಕ್ಕಾಗಿ, ಅಲಂಕಾರಕ್ಕಾಗಿ ಬೆಳೆಸುವ ಸಾವಿರಾರು ಸಸ್ಯಗಳ ವರ್ಣತಂತುಗಳ ಸಂಖ್ಯೆ ಅದರಲ್ಲಿ ಒಂದೆಡೆ ಸೇರಿದೆ. ಸಂಕರ ನಡೆಸಹೊರಟವನಿಗೆ ಯಾವ ಎರಡು ಸಸ್ಯಗಳು ಫಲವಂತವಾಗಿ ಕೂಡಬಲ್ಲವೆಂಬ ಮೊದಲ ಸುಳಿವು ಆ ಸಂಖ್ಯೆಗಳಿಂದ ದೊರೆಯುತ್ತದೆ. ಯಾವ ಬೆಳೆ ಎಲ್ಲಿ ಹುಟ್ಟಿತು, ಮನುಷ್ಯನೊಡನೆ ಯಾವ ದಾರಿಯಲ್ಲಿ ಪಯಣಿಸಿತು ಎಂಬ ಊಹೆಗೂ ಅವು ನೆರವಾಗುತ್ತವೆ.

1945ರಲ್ಲಿ ಅವರು ವಿಸ್ಲಿಯಲ್ಲಿರುವ ರಾಯಲ್ ತೋಟಗಾರಿಕಾ ಸಂಘದ ಉದ್ಯಾನಕ್ಕೆ ಕೋಶವಿಜ್ಞಾನಿಯಾಗಿ ಹೋದರು. ಅಲ್ಲಿ ಅವರ ಮುಖ್ಯ ಸಾಧನ ಕೋಲ್ಚಿಸಿನ್ ಎಂಬ ವಸ್ತು. ಕರಾವಳಿಯ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಇರುವ ವಿಷವದು. ಕೋಶ ಎರಡಾಗಿ ಒಡೆಯುವ ಹೊತ್ತಿಗೆ ಅದನ್ನು ಸೋಂಕಿಸಿದರೆ ತಂತುಗಳು ಇಮ್ಮಡಿಯಾಗುತ್ತವೆ, ಕೋಶ ಮಾತ್ರ ಒಡೆಯದೆ ಉಳಿಯುತ್ತದೆ. 38 ತಂತುಗಳ ಮ್ಯಾಗ್ನೋಲಿಯ ಸಸಿಗಳಿಗೆ ಜಾನಕಿ ಅಮ್ಮಾಳ್ ಈ ದ್ರಾವಣವನ್ನು ಲೇಪಿಸಿ 76 ತಂತುಗಳ ಗಿಡಗಳನ್ನು ಪಡೆದರು. ಆ ಸಸಿಗಳಿಂದ ಬೆಳೆದ ಮರಗಳು ಇಂದಿಗೂ ವಿಸ್ಲಿಯಲ್ಲಿ ಬಿಳಿಯ ಹೂ ಬಿಡುತ್ತವೆ. ಅವುಗಳಲ್ಲಿ ಒಂದು ತಳಿಗೆ ಜಾನಕಿ ಅಮ್ಮಾಳ್ ಎಂದೇ ಹೆಸರು.

ಸ್ವದೇಶದ ಸೇವೆ

ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ 1951ರಲ್ಲಿ ಅವರು ಭಾರತಕ್ಕೆ ಮರಳಿದರು. 1890ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಪುನಾರಚಿಸುವ ಹೊಣೆ ಅವರ ಮೇಲೆ ಬಿತ್ತು. 1952ರಲ್ಲಿ ವಿಶೇಷ ಕರ್ತವ್ಯಾಧಿಕಾರಿಯಾಗಿ ನೇಮಕಗೊಂಡು ಅವರು ಸಿದ್ಧಪಡಿಸಿದ ಯೋಜನೆ ಸಂಸ್ಥೆಯ ಹೊಸ ರೂಪಕ್ಕೆ ಆಧಾರವಾಯಿತು. ಭಾರತದ ಸಸ್ಯಸಂಪತ್ತನ್ನು ಭಾರತೀಯರೇ ಅರಸಿ, ಭಾರತದಲ್ಲಿಯೇ ಸಂಗ್ರಹಿಸಿ, ಅಧ್ಯಯನ ನಡೆಸಬೇಕೆಂಬುದು ಅವರ ದೃಢ ನಿಲುವಾಗಿತ್ತು. ಮುಂದೆ ಅಲಹಾಬಾದಿನ ಕೇಂದ್ರೀಯ ಸಸ್ಯವಿಜ್ಞಾನ ಪ್ರಯೋಗಾಲಯವನ್ನೂ ಅವರು ನಡೆಸಿದರು. ಆ ಬಳಿಕ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಔಷಧಸಸ್ಯಗಳ ಅಧ್ಯಯನ ನಡೆಸಿದರು.

ಹಿಮಾಲಯದ ಸಸ್ಯಗಳನ್ನು ಎಣಿಸುತ್ತ ಹೋದ ಅವರಿಗೆ ಒಂದು ಮಹತ್ತ್ವದ ಸಂಗತಿ ಹೊಳೆಯಿತು. ಪಶ್ಚಿಮದ ಒಣ ಚಳಿಗಿಂತ ಪೂರ್ವದ ತೇವಭರಿತ ಚಳಿಯ ನಾಡಿನಲ್ಲಿ ಬಹುಗುಣಿತ ಸಸ್ಯಗಳೂ ಹೊಸ ಜಾತಿಗಳ ಉದಯವೂ ಹೆಚ್ಚು. ಚೀನ, ಮಲಯ, ಭಾರತಗಳ ಸಸ್ಯಕುಲಗಳು ಅಲ್ಲಿ ಸಂಧಿಸಿ, ಬೆರೆತು, ತಂತುಗಳ ಸಂಖ್ಯೆ ಇಮ್ಮಡಿಯಾಗಿ ಹೊಸ ಪ್ರಭೇದಗಳು ನೆಲೆಗೊಂಡಿವೆಯೆಂದು ಅವರು ಪ್ರತಿಪಾದಿಸಿದರು. ಪ್ರಯೋಗಶಾಲೆಯಲ್ಲಿ ತಾವು ಕೋಲ್ಚಿಸಿನ್‌ನಿಂದ ಸಾಧಿಸಿದುದನ್ನು ಪ್ರಕೃತಿಯು ಬೆಟ್ಟದ ಇಳಿಜಾರುಗಳಲ್ಲಿ ಯುಗಯುಗಗಳಿಂದ ನಡೆಸಿಕೊಂಡು ಬಂದಿದೆಯೆಂಬುದು ಅವರಿಗೆ ಮನವರಿಕೆಯಾಯಿತು.

1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ, ಭೂಮಿಯ ಮುಖವನ್ನು ಮನುಷ್ಯನು ಹೇಗೆ ಬದಲಿಸಿದ್ದಾನೆಂಬ ವಿಷಯವನ್ನು ಕುರಿತು ವಿದ್ವಾಂಸರ ಗೋಷ್ಠಿ ನಡೆಯಿತು. ಅದಕ್ಕೆ ಆಹ್ವಾನಿತರಾದ ಏಕೈಕ ಮಹಿಳೆ ಜಾನಕಿ ಅಮ್ಮಾಳ್. ಭಾರತದ ಜನ ಹೊಟ್ಟೆಪಾಡಿಗಾಗಿ ನಡೆಸುವ ಬೇಸಾಯವನ್ನೂ ಅದರೊಡನೆ ಬೆಸೆದ ಸ್ಥಳೀಯ ಸಸ್ಯಗಳನ್ನೂ ಕುರಿತು ಅವರು ಅಲ್ಲಿ ಪ್ರಬಂಧ ಮಂಡಿಸಿದರು.

ಕರಾವಳಿಯ ತೋಟದಲ್ಲಿ, ಘಟ್ಟದ ಮೇಲೆ

ಇಂಥ ಲೆಕ್ಕಗಳು ದೂರದೇಶದ ಪ್ರಯೋಗಶಾಲೆಗೆ ಮಾತ್ರ ಸಂಬಂಧಿಸಿದವಲ್ಲ. ಉಡುಪಿ, ಕಾರ್ಕಳಗಳ ಹಿತ್ತಿಲಲ್ಲಿ ಬೆಳೆಯುವ ನೇಂದ್ರ ಬಾಳೆಯಲ್ಲಿ 33 ವರ್ಣತಂತುಗಳು. 11ರ ಮೂರು ಸಮೂಹಗಳು. ಮೂರನ್ನು ಎರಡಾಗಿ ಹಂಚಲು ಬರುವುದಿಲ್ಲ. ಬೀಜವಿಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಉಣ್ಣುವವನಿಗೆ ಅದು ಸುಖ. ಬೆಳೆಯುವವನಿಗೆ ಮಾತ್ರ ಕಂದು ನೆಟ್ಟಲ್ಲದೆ ಗತ್ಯಂತರವಿಲ್ಲ. ಕಂದಿನಿಂದ ಬಂದ ಗಿಡ ತಾಯಿಯ ಪಡಿಯಚ್ಚಾದುದರಿಂದ ಒಂದಕ್ಕೆ ಬಂದ ರೋಗ ತೋಟಕ್ಕೆಲ್ಲ ಬರಬಹುದು. ಸಂಖ್ಯೆಯ ವ್ಯತ್ಯಾಸದ ವರವೂ ಶಾಪವೂ ಒಂದೇ ಗೊನೆಯಲ್ಲಿವೆ.

ಕಾರ್ಕಳದಿಂದ ಘಟ್ಟವೇರಿದರೆ ಕಾಫಿಯ ನಾಡು. ಅರೇಬಿಕ ಕಾಫಿಗೆ 44 ತಂತುಗಳು. ಅದರ ದಾಯಾದಿಗಳಾದ ರೊಬಸ್ಟ, ಲೈಬೀರಿಕಗಳಿಗೆ 22. ಇವು ಕೂಡಿದಾಗ ಹುಟ್ಟುವ 33ರ ಗಿಡ ಬಹುಮಟ್ಟಿಗೆ ಬಂಜೆ. ಆದರೂ ಅರೇಬಿಕ ಮತ್ತು ಲೈಬೀರಿಕಗಳಿಂದ ತಾನಾಗಿ ಹುಟ್ಟಿ ಸಂತಾನಶಕ್ತಿಯನ್ನು ಪಡೆದ ಎಸ್. 26 ಎಂಬ ಗಿಡ ಕಾಫಿ ತೋಟದಲ್ಲಿ ದೊರೆಯಿತು. ಅದರ ವಂಶವನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರದಲ್ಲಿ ಬೆಳೆಸಿ, ಕೆಂಟ್ಸ್ ತಳಿಯೊಡನೆ ಕೂಡಿಸಿ ಪಡೆದುದೇ ಮಲೆನಾಡಿನಲ್ಲಿ ಮನೆಮಾತಾದ ಎಸ್. 795.

ಮನುಷ್ಯನ ವರ್ಣತಂತುಗಳ ಮೇಲೆ ಜಾನಕಿ ಅಮ್ಮಾಳ್ ಕೆಲಸ ಮಾಡಿದವರಲ್ಲ. ಆದರೆ ಸಸ್ಯಗಳಲ್ಲಿ ಕಂಡ ನಿಯಮ ಮನುಷ್ಯನನ್ನೂ ಬಿಟ್ಟಿಲ್ಲ. ಮನುಷ್ಯನಲ್ಲಿ 46 ತಂತುಗಳೆಂದು ಖಚಿತವಾದುದು 1956ರಲ್ಲಿ. 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ತಂತುಗಳಿರುವುದನ್ನು ಪ್ರಕಟಿಸಿದರು. 21ನೆಯ ತಂತು ಎರಡರ ಬದಲು ಮೂರು. ಕೆಲವು ಕುಟುಂಬಗಳಲ್ಲಿ ಕಾರಣ ಬೇರೆ. ತಾಯಿಯಲ್ಲಿಯೋ ತಂದೆಯಲ್ಲಿಯೋ 21ನೆಯ ತಂತುವೊಂದು 14ನೆಯ ತಂತುವಿಗೆ ಅಂಟಿಕೊಂಡಿರುತ್ತದೆ. ಎಣಿಸಿದರೆ 45, ಆದರೂ ಏನೂ ಕಳೆದುಹೋಗದ ಕಾರಣ ಅವರು ಆರೋಗ್ಯವಂತರು. ಅವರ ಮಗುವಿನಲ್ಲಿ ಎಣಿಕೆ 46 ಸರಿಯಾಗಿದ್ದರೂ 21ನೆಯ ತಂತುವಿನ ಅಂಶ ಮೂರು ಪಾಲು ಸೇರಿರಬಹುದು. ಸಂಖ್ಯೆಯನ್ನು ಮಾತ್ರ ನೋಡಿ ರಚನೆಯನ್ನು ನೋಡದಿದ್ದರೆ ಸತ್ಯ ಕೈಗೆಟುಕುವುದಿಲ್ಲ.

ಇದು ಕೇವಲ ಪುಸ್ತಕದ ಪಾಠವಲ್ಲ. ಇಂಥ ಮಗು ಹುಟ್ಟಿದಾಗ ಗ್ರಹಣವನ್ನೋ, ಶಾಪವನ್ನೋ, ತಾಯಿಯ ನಡೆಯನ್ನೋ ಹೊಣೆಯಾಗಿಸಿ ಎಷ್ಟೋ ಮನೆಗಳಲ್ಲಿ ಹೆಣ್ಣನ್ನು ನೋಯಿಸಿದ್ದುಂಟು. ತಂತುಗಳು ಬೇರೆಯಾಗುವಾಗ ಆಗುವ ಆಕಸ್ಮಿಕಕ್ಕೆ ಯಾರೂ ಅಪರಾಧಿಗಳಲ್ಲವೆಂದು ವಿಜ್ಞಾನ ನಿಸ್ಸಂದಿಗ್ಧವಾಗಿ ಹೇಳುತ್ತದೆ. ತಾಯಿಯ ವಯಸ್ಸು ಏರಿದಂತೆ ಇದರ ಸಂಭವ ಹೆಚ್ಚುವುದು ನಿಜ. ಆದರೆ ವಯಸ್ಸು ಪಾಪವಲ್ಲ. ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಇಂದು ವೈದ್ಯಕೀಯ ತಳಿವಿಜ್ಞಾನಕ್ಕೆಂದೇ ವಿಭಾಗವಿದೆ. ಹೆತ್ತವರ ಸಂದೇಹಗಳಿಗೆ ಪರೀಕ್ಷೆಯೂ ಸಮಾಲೋಚನೆಯೂ ಇಂಥ ಕಡೆಗಳಲ್ಲಿ ದೊರೆಯುತ್ತವೆ. ಶಾಲೆಗೆ ಬರುವ ಅಂಥ ಮಗುವನ್ನು ಅಧ್ಯಾಪಕರು ಆದರದಿಂದ ಬರಮಾಡಿಕೊಂಡರೆ, ಈ ವಿದ್ಯೆ ಮನುಷ್ಯರಿಗೆ ನಿಜವಾಗಿ ಒದಗಿದಂತೆ.

ಕೊನೆಯ ದಿನಗಳು

1970ರಲ್ಲಿ ಜಾನಕಿ ಅಮ್ಮಾಳ್ ಮದರಾಸಿಗೆ ಬಂದು ಅಲ್ಲಿನ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಉನ್ನತ ಅಧ್ಯಯನ ಕೇಂದ್ರದಲ್ಲಿ ಗೌರವ ವಿಜ್ಞಾನಿಯಾದರು. ನಗರದ ಹೊರಗಿನ ಮಧುರವಾಯಲ್‌ನ ಕ್ಷೇತ್ರ ಪ್ರಯೋಗಾಲಯ ಅವರ ಕಾರ್ಯಕ್ಷೇತ್ರವಾಯಿತು. ಹಳದಿ ಬಣ್ಣದ ಸೀರೆಯುಟ್ಟು, ಮಿತವಾದ ಅಗತ್ಯಗಳೊಡನೆ, ಗಿಡಗಳ ನಡುವೆ ಅವರು ವೃದ್ಧಾಪ್ಯವನ್ನು ಕಳೆದರು. ತಮ್ಮ ಬಗ್ಗೆ ಹೇಳಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. 1977ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಅದೇ ದಶಕದಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಕುಂತಿಪುಳ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಸಿದ್ಧವಾಗಿತ್ತು. ಎಂಬತ್ತರ ವಯಸ್ಸಿನಲ್ಲಿದ್ದ ಜಾನಕಿ ಅಮ್ಮಾಳ್ ಅದನ್ನು ವಿರೋಧಿಸಿದವರೊಡನೆ ನಿಂತು, ಆ ಕಣಿವೆಯ ಮರಗಳ ವರ್ಣತಂತುಗಳನ್ನು ಸಮೀಕ್ಷೆ ಮಾಡುವ ಕಾರ್ಯಕ್ಕೆ ಮುಂದಾದರು. ಹೊಸ ತಳಿಗಳನ್ನು ಹುಟ್ಟಿಸುವುದರಲ್ಲಿ ಬಾಳು ಸವೆಸಿದ ವಿಜ್ಞಾನಿ ಇರುವ ತಳಿಗಳ ರಕ್ಷಣೆಗೆ ನಿಂತುದರಲ್ಲಿ ವಿರೋಧಾಭಾಸವಿಲ್ಲ. ಕಾಡು ಕಬ್ಬಿಲ್ಲದಿದ್ದರೆ ಕೋ 205 ಇರುತ್ತಿರಲಿಲ್ಲ. ಸಂಕರಕ್ಕೆ ಬೇಕಾದ ಕಸುವು ಕಾಡಿನಲ್ಲಿದೆ. ನೀರಿನಡಿ ಮುಳುಗಿದ ತಂತುವನ್ನು ಯಾವ ಪ್ರಯೋಗಶಾಲೆಯೂ ಮತ್ತೆ ನೇಯಲಾರದು. ಕಾರ್ಕಳದ ಮೂಡಣ ದಿಗಂತದಲ್ಲಿ ಕಾಣುವ ಕುದುರೆಮುಖದ ಕಾಡುಗಳಿಗೂ ಈ ಮಾತು ಅನ್ವಯಿಸುತ್ತದೆ.

1984ರ ಫೆಬ್ರವರಿ 7ರಂದು ಜಾನಕಿ ಅಮ್ಮಾಳ್ ನಿಧನರಾದರು. ಅಣೆಕಟ್ಟಿನ ಯೋಜನೆ ಅಷ್ಟರಲ್ಲಿ ಕೈಬಿಟ್ಟುಹೋಗಿತ್ತು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಜಮ್ಮುವಿನ ಸಸ್ಯಸಂಗ್ರಹಾಲಯಕ್ಕೆ ಅವರ ಹೆಸರನ್ನಿಡಲಾಗಿದೆ. ಸಸ್ಯ, ಪ್ರಾಣಿಗಳ ವರ್ಗೀಕರಣ ವಿಜ್ಞಾನದಲ್ಲಿ ಶ್ರಮಿಸಿದವರಿಗಾಗಿ ಕೇಂದ್ರ ಪರಿಸರ ಸಚಿವಾಲಯವು ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು.

ಒಂದು ತಂತು ಹೆಚ್ಚಾದರೆ ಏನು, ಒಂದು ಕಡಿಮೆಯಾದರೆ ಏನು ಎಂಬ ಎಣಿಕೆಯಿಂದ ಆರಂಭವಾದ ಅವರ ಬಾಳು, ಪ್ರಕೃತಿಯಲ್ಲಿ ಯಾವ ವ್ಯತ್ಯಾಸವನ್ನೂ ಊನವೆಂದು ಅವಸರದಲ್ಲಿ ತೀರ್ಮಾನಿಸಬಾರದೆಂಬ ವಿವೇಕದಲ್ಲಿ ಪರ್ಯವಸಾನಗೊಂಡಿತು. ತಡವಾಗಿ ಮೊಳೆಯುವ ಬೀಜಕ್ಕೂ ವಂಶವನ್ನು ಕಾಯುವ ಕಾರ್ಯವಿದೆಯೆಂದು ತೋರಿಸಿಕೊಟ್ಟ ಈ ವಿದುಷಿಯ ಚರಿತೆ ವಿದ್ಯಾಲಯಗಳಲ್ಲಿ ಪಾಠ ಹೇಳುವವರಿಗೂ ಕೇಳುವವರಿಗೂ ಸದಾ ಮನನೀಯವಾದುದು.